ಎಳೆದರೆ ಎಳೆಯುವ ಮರಿ

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಸುತ್ತಮುತ್ತ ನಾಯಿಗೆ ಬರವಿಲ್ಲ. ಹಗ್ಗ ಹಿಡಿದು ನಾಯಿ ನಡೆಸುವವರು ಮಾತ್ರ ಈಚಿನವರೆಗೂ ಇರಲಿಲ್ಲ. ಮೊಳಕಾಲ್ಮೂರು, ಚಳ್ಳಕೆರೆ ಅಂದರೆ ಕುರಿ ಸೀಮೆ. ರೊಪ್ಪದ ಬಾಗಿಲಲ್ಲಿ ಕಣ್ಣು ಬಿಟ್ಟ ನಾಯಿಮರಿ ಕುರಿಗಳ ಕಾಲಡಿಯೇ ಬೆಳೆಯುತ್ತದೆ. ಮಂದೆ ಹೊರಟರೆ ತಾನೂ ಹೊರಡುತ್ತದೆ, ಮಂದೆ ನಿಂತ ಕಡೆ ನೆರಳು ನೋಡಿ ಮಲಗುತ್ತದೆ. ಅದರ ಕೊರಳಿಗೆ ಬೆಲ್ಟು ಬಿದ್ದದ್ದೇ ಇಲ್ಲ. ಈಗ ಕಾಲ ಬದಲಾಗಿದೆ. ಬೆಂಗಳೂರಿಗೋ ಬಳ್ಳಾರಿಗೋ ದುಡಿಯಲು ಹೋದ ಹುಡುಗರು ಹಬ್ಬಕ್ಕೆ ಬರುವಾಗ ರಟ್ಟಿನ ಡಬ್ಬಿಯಲ್ಲಿ ಲ್ಯಾಬ್ರಡಾರ್ ಮರಿ ತರುತ್ತಾರೆ. ಜೊತೆಗೊಂದು ಕೆಂಪು ಬೆಲ್ಟು, ಮರಿಗಿಂತ ಭಾರವಾದ ಚೈನು. ಸಂಜೆ ರಾಂಪುರದ ರಸ್ತೆಯಲ್ಲಿ ವಾಕಿಂಗ್.

ಆ ವಾಕಿಂಗ್ ಹೆಚ್ಚೆಂದರೆ ನಾಲ್ಕು ಮನೆ ದಾಟುತ್ತದೆ. ಮರಿ ಕುಂಡೆ ಊರಿ ಕೂರುತ್ತದೆ, ಮುಂಗಾಲು ಎರಡನ್ನೂ ಟಾರಿಗೆ ಒತ್ತಿ ಹಿಡಿಯುತ್ತದೆ. ಎಳೆದರೆ ಬೆಲ್ಟು ಕಿವಿಯವರೆಗೆ ಸರಿದು ಕೆನ್ನೆಯ ಚರ್ಮವೆಲ್ಲ ಮುಂದೆ ಮಡಿಸಿಕೊಳ್ಳುತ್ತದೆ, ಉಗುರು ಪರಪರ ಸದ್ದು ಮಾಡುತ್ತವೆ. ಆಮೇಲೆ ಚೈನು ಕಚ್ಚುವುದು, ಚೈನು ಬಿಟ್ಟು ಪ್ಯಾಂಟಿನ ಅಂಚು ಕಚ್ಚುವುದು, ಸುತ್ತು ಹಾಕಿ ಕಾಲಿಗೆ ಸಿಕ್ಕಿಕೊಳ್ಳುವುದು. ಅಷ್ಟರಲ್ಲಿ ಮೇಕೆಯೊಂದು ಅಡ್ಡ ಬಂದರೆ ಕೂತಿದ್ದ ಮರಿ ಬಾಣದ ಹಾಗೆ ಚಿಮ್ಮಿ, ಕತ್ತು ಬಿಗಿದು ಕೆಮ್ಮುತ್ತದೆ. ಕಟ್ಟೆ ಮೇಲಿನವರಿಗೆ ಇದಕ್ಕಿಂತ ಒಳ್ಳೆಯ ತಮಾಷೆ ಬೇಕಿಲ್ಲ.

“ಎಲ್ಲಿಗಪ್ಪಾ ಎಳ್ಕೊಂಡ್ ಹೊಂಟೆ ಅದನ್ನ, ಸಂತೆಗಾ?”

“ವಾಕಿಂಗ್ ತಾತ.”

“ನಿಂದು ವಾಕಿಂಗು. ಅದು ಒಲ್ಲೆ ಅಂತೈತಲ್ಲ ಮಗಾ! ಹಗ್ಗ ಸಡ್ಲ ಬಿಡು, ಬತ್ತತೆ.”

ತಾತ ಹೇಳಿದ್ದರಲ್ಲಿ ವಿಜ್ಞಾನ ಎಷ್ಟಿದೆ ಎಂಬುದನ್ನು ಮುಂದೆ ನೋಡೋಣ. ಹುಡುಗನ ತೀರ್ಪು ಮಾತ್ರ ಎಲ್ಲರದೂ ಆಗಿರುತ್ತದೆ: ಈ ಮರಿಗೆ ಹಠ. ಹಠ ಅಲ್ಲ ಎಂದು ತಿಳಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು, ತಿಳಿದ ಬಗೆಯೂ ವಿಚಿತ್ರ. ಮರಿ ಹಗ್ಗದಲ್ಲಿ ಯಾಕೆ ಹೀಗಾಡುತ್ತದೆ ಎಂದು ಹುಡುಕಲು ಹೊರಟವರು ಅದನ್ನು ಕಂಡುಕೊಂಡವರಲ್ಲಿ ಯಾರೂ ಇರಲಿಲ್ಲ. ಒಬ್ಬರು ಕುರಿ ನೋಡುತ್ತಿದ್ದರು, ಒಬ್ಬರು ನಾಯಿಯ ಜೊಲ್ಲು ಅಳೆಯುತ್ತಿದ್ದರು, ಇನ್ನೊಬ್ಬರು ಇಲಿಗೆ ಗುಳಿಗೆ ಮಾಡುತ್ತಿದ್ದರು.

ಕುರಿಯಿಂದಲೇ ಶುರು ಮಾಡೋಣ, ಈ ಸೀಮೆಗೆ ಅದೇ ಸರಿ. ಜಾನ್ ಪಾಲ್ ಸ್ಕಾಟ್ ಎಂಬ ಪ್ರಾಣಿಶಾಸ್ತ್ರದ ಮೇಷ್ಟರು ಅಮೆರಿಕದ ಇಂಡಿಯಾನಾ ರಾಜ್ಯದ ವಾಬಾಶ್ ಕಾಲೇಜಿನಲ್ಲಿದ್ದರು. ಕುರಿಗಳ ಸಣ್ಣ ಮಂದೆಯೊಂದರ ನಡವಳಿಕೆ ಅವರ ಅಧ್ಯಯನದ ವಿಷಯ. ಒಮ್ಮೆ ಹುಟ್ಟಿದ ಕೂಡಲೇ ಒಂದು ಹೆಣ್ಣು ಮರಿಯನ್ನು ತಾಯಿಯಿಂದ ಬೇರೆ ಮಾಡಿ, ಗಂಡ ಹೆಂಡತಿ ಇಬ್ಬರೂ ಸೇರಿ ಹತ್ತು ದಿನ ಬಾಟಲಿ ಹಾಲಿನಲ್ಲಿ ಸಾಕಿದರು. ಆಮೇಲೆ ಮಂದೆಗೆ ಬಿಟ್ಟರು. ಮರಿ ಹಾಲು ಕೊಟ್ಟವರ ಹಿಂದೆಯೇ ತಿರುಗಿತು. ಇದರಲ್ಲಿ ನಮ್ಮ ಹಟ್ಟಿಗಳಿಗೆ ಹೊಸದೇನಿಲ್ಲ. ತಾಯಿ ಸತ್ತ ಮರಿಯನ್ನು ಬಾಟಲಿಯಲ್ಲಿ ಸಾಕಿದರೆ ಅದು ಅಡುಗೆಮನೆಗೂ ಬರುತ್ತದೆ, ಹೆಂಗಸರ ಸೆರಗು ಎಳೆಯುತ್ತದೆ. ಸ್ಕಾಟ್ ಅವರನ್ನು ಚಕಿತಗೊಳಿಸಿದ್ದು ಮುಂದಿನದು. ಮೂರು ವರ್ಷ ಕಳೆದ ಮೇಲೂ ಆ ಕುರಿ ಮಂದೆಯೊಂದಿಗೆ ಸೇರದೆ ಬೇರೆಯಾಗಿಯೇ ಮೇಯುತ್ತಿತ್ತು. ಹತ್ತು ದಿನದಲ್ಲಿ ಆದದ್ದನ್ನು ಮೂರು ವರ್ಷ ಅಳಿಸಲಾಗಲಿಲ್ಲ. ಹುಟ್ಟಿದ ಹೊಸತರಲ್ಲಿ ಒಂದು ಬಾಗಿಲು ತೆರೆದಿರುತ್ತದೆಯೇ, ಆಮೇಲೆ ಅದು ಮುಚ್ಚಿಕೊಳ್ಳುತ್ತದೆಯೇ? ಬಾತುಕೋಳಿ ಜಾತಿಯ ಮರಿಗಳ ವಿಷಯದಲ್ಲಿ ಕೊನ್ರಾಡ್ ಲೊರೆಂಜ್ 1935ರಲ್ಲೇ ಹೌದೆಂದಿದ್ದರು. ಹಾಲು ಕುಡಿಯುವ ಪ್ರಾಣಿಗಳಲ್ಲೂ ಹಾಗೆಯೇ ಇದ್ದರೆ, ಮನುಷ್ಯರ ಜೊತೆ ಬಾಳಬೇಕಾದ ನಾಯಿಯಲ್ಲಿ ಅದನ್ನು ನೋಡಬೇಕು.

ಸ್ಕಾಟ್ 1945ರಲ್ಲಿ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯಕ್ಕೆ ಹೋದರು. ಅಲ್ಲಿ ಜಾನ್ ಫುಲ್ಲರ್ ಅವರೊಂದಿಗೆ ಸೇರಿ ಬಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್ಲೆಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್ ಎಂಬ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಸಾಕಿ ನೋಡಿದರು. 1965ರಲ್ಲಿ ಬಂದ ಅವರ ಪುಸ್ತಕ ನಾಯಿ ಬಲ್ಲವರಿಗೆ ಇವತ್ತಿಗೂ ಆಧಾರ. ಅವರು ಮಾಡಿದ ಪರೀಕ್ಷೆಗಳಲ್ಲಿ ಒಂದು ಹಗ್ಗದ್ದು. ಮರಿಗೆ ಹಗ್ಗ ಹಾಕಿ ಗೂಡಿನಿಂದ ಕೋಣೆಗೆ, ಮೆಟ್ಟಿಲು ಹತ್ತಿಸಿ ಇಳಿಸಿ ನಡೆಸುವುದು, ತಪ್ಪಿಗೊಂದರಂತೆ ಅಂಕ ಬರೆದುಕೊಳ್ಳುವುದು. ತಮಾಷೆಯೆಂದರೆ ಒಂದೊಂದು ತಳಿಗೆ ಒಂದೊಂದು ತಪ್ಪು. ಬಸೆಂಜಿ ಹಗ್ಗದೊಂದಿಗೆ ಜಗಳಕ್ಕೆ ನಿಂತಿತು. ಬೀಗಲ್ ಊಳಿಟ್ಟಿತು. ಕುರಿ ಕಾಯುವ ಶೆಟ್ಲೆಂಡ್ ಮರಿ ಹಿಡಿದವರ ಮೈಮೇಲೆ ಹಾರಿ, ಕಾಲಿಗೆ ಹಗ್ಗ ಸುತ್ತಿತು. ರಾಂಪುರದ ರಸ್ತೆಯಲ್ಲಿ ನಾವು ಹಠ ಅನ್ನುವುದರಲ್ಲಿ ಒಂದು ಪಾಲು ಅಜ್ಜ ಮುತ್ತಜ್ಜಂದಿರಿಂದ ಬಂದದ್ದು ಎಂದು ಅಲ್ಲಿ ಕಂಡಿತು. ನಮ್ಮ ಮುಧೋಳ ನಾಯಿಯದೂ ಇದೇ ಲೆಕ್ಕ. ಕಣ್ಣಿಂದ ಬೇಟೆ ಹಿಡಿದು ಓಡುವುದಕ್ಕೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ಜಾತಿ ಅದು. ದೂರದಲ್ಲಿ ಮೇಕೆ ಬಾಲ ಅಲ್ಲಾಡಿಸಿದರೂ ಮುಧೋಳ ಮರಿ ಹಗ್ಗದ ತುದಿಯಲ್ಲಿ ನೆಗೆಯುತ್ತದೆ. ಅದು ಕಲಿಯದ ತಪ್ಪಲ್ಲ, ಹುಟ್ಟಿನಿಂದ ಬಂದ ವಿದ್ಯೆ.

ಆದರೆ ಕುರಿಮರಿ ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅದೇ ಪ್ರಯೋಗಾಲಯದ ಇನ್ನೊಂದು ಕೆಲಸದಿಂದ. ಡೇನಿಯಲ್ ಫ್ರೀಡ್‌ಮನ್, ಜಾನ್ ಕಿಂಗ್, ಆರ್ವಿಲ್ ಎಲಿಯಟ್ ಎಂಬ ಮೂವರು ಒಂದು ಎಕರೆ ಬಯಲಿಗೆ ಎತ್ತರದ ಬೇಲಿ ಕಟ್ಟಿಸಿದರು. ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ತಳಿಗಳ ಎಂಟು ಸೂಲಿನ 34 ಮರಿಗಳು ತಾಯಂದಿರೊಂದಿಗೆ ಅದರೊಳಗೇ ಬೆಳೆದವು. ಮನುಷ್ಯರ ಸಂಪರ್ಕವಿಲ್ಲ, ಕೈ ಸೋಕಲಿಲ್ಲ. ಆಮೇಲೆ ಗುಂಪು ಮಾಡಿ, ಕೆಲವನ್ನು ಎರಡನೆಯ ವಾರದಲ್ಲಿ, ಕೆಲವನ್ನು ಮೂರರಲ್ಲಿ, ಹಾಗೆಯೇ ಐದು, ಏಳು, ಒಂಬತ್ತರಲ್ಲಿ ಒಂದೇ ಒಂದು ವಾರದ ಮಟ್ಟಿಗೆ ಮನೆಯೊಳಗೆ ತಂದರು. ದಿನಕ್ಕೆ ಮೂರು ಸಲ ಅರ್ಧರ್ಧ ಗಂಟೆ ಮುದ್ದು, ಆಟ. ವಾರ ಮುಗಿದ ಮೇಲೆ ಮತ್ತೆ ಬಯಲು. ಒಂದು ಗುಂಪನ್ನು ಮಾತ್ರ ಹದಿನಾಲ್ಕು ವಾರ ತುಂಬುವವರೆಗೆ ಮುಟ್ಟಲೇ ಇಲ್ಲ.

ಎರಡು ವಾರದ ಮರಿಗಳಿಗೆ ಮನುಷ್ಯರ ಮೇಲೆ ಗಮನವೇ ಇಲ್ಲ, ಅವಕ್ಕೆ ನಿದ್ದೆ ಸಾಕು. ಮೂರು ವಾರದವು ಕಂಡ ಕೂಡಲೇ ಹತ್ತಿರ ಬಂದವು. ಐದು ವಾರದವು ಮೊದಲು ಹಿಂಜರಿದು ಆಮೇಲೆ ಒಗ್ಗಿದವು. ಏಳು ವಾರದವಕ್ಕೆ ಧೈರ್ಯ ಬರಲು ಒಂದೆರಡು ದಿನ ಬೇಕಾಯಿತು, ಒಂಬತ್ತರವಕ್ಕೆ ಇನ್ನೂ ಹೆಚ್ಚು. ಹದಿನಾಲ್ಕನೆಯ ವಾರದಲ್ಲಿ ಎಲ್ಲವನ್ನೂ ಹೊರತಂದು, ಕೊರಳಿಗೆ ಹಗ್ಗ ಹಾಕಿ ನಡೆಸಿ ಪರೀಕ್ಷೆ ಮಾಡಿದರು. ಹೆಜ್ಜೆ ಊರಿ ನಿಂತ ಪ್ರತಿ ಸಲಕ್ಕೂ ಲೆಕ್ಕ. ಮನುಷ್ಯರ ಕೈ ಕಾಣದೆ ಬೆಳೆದ ಗುಂಪು ಅತಿ ಹೆಚ್ಚು ಸಲ ನಿಂತಿತು, ಕಾಡುಪ್ರಾಣಿಯಂತೆ ಹೆದರಿತು. ತಡವಾದ ಮೇಲೆ ಅದನ್ನು ಮುದ್ದಿಸಿ ಒಲಿಸುವ ಯತ್ನಕ್ಕೆ ಸಿಕ್ಕಿದ್ದು ಅತ್ಯಲ್ಪ. ನಡುವಿನ ವಾರಗಳಲ್ಲಿ ಬರೀ ಒಂದು ವಾರ ಮನುಷ್ಯರ ಸಂಗ ಸಿಕ್ಕವು ಹಗ್ಗದಲ್ಲಿ ಎಷ್ಟೋ ಮೇಲು. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ಲೇಖನ ಬಂತು. ಬಾಗಿಲು ಎರಡೂವರೆ ವಾರಕ್ಕೆ ತೆರೆಯುತ್ತದೆ, ಹದಿಮೂರರ ಹೊತ್ತಿಗೆ ಮುಚ್ಚುತ್ತ ಬರುತ್ತದೆ ಎಂಬುದು ಅದರ ತಿರುಳು. ಆ ಬಯಲಿನ ಮರಿಗಳ ಪಾಡು ನೆನೆದರೆ ನನಗೆ ಅಷ್ಟು ಸಮಾಧಾನವಾಗುವುದಿಲ್ಲ. ಆದರೂ ಮುಂದೆ ಹುಟ್ಟಿದ ಕೋಟ್ಯಂತರ ಮರಿಗಳ ಮೇಲೆ ಅವುಗಳ ಋಣವಿದೆ.

ಇದು ಪುಸ್ತಕದಲ್ಲಷ್ಟೇ ಉಳಿಯಲಿಲ್ಲ. ಕ್ಯಾಲಿಫೋರ್ನಿಯಾದ ಸಾನ್ ರಫೇಲ್‌ನಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳನ್ನು ಬೆಳೆಸುವ ಸಂಸ್ಥೆಯಿದೆ. ಅಲ್ಲಿನ ಕ್ಲಾರೆನ್ಸ್ ಫಾಫೆನ್‌ಬರ್ಗರ್ ಅವರು ಸ್ಕಾಟ್ ಜೊತೆ ಸೇರಿ 1959ರಲ್ಲಿ ಒಂದು ಲೆಕ್ಕ ಕೊಟ್ಟರು. ಹನ್ನೆರಡು ವಾರದ ಪರೀಕ್ಷೆ ಮುಗಿದ ಮರಿ ಒಂದು ವಾರದೊಳಗೆ ಸಾಕುಮನೆಗೆ ಹೋದರೆ ನೂರಕ್ಕೆ 90ರಷ್ಟು ಕೆಲಸಕ್ಕೆ ಒದಗುತ್ತಿದ್ದವು. ಗೂಡಿನಲ್ಲೇ ಮೂರು ವಾರ ಮೀರಿದರೆ ನೂರಕ್ಕೆ 30 ಮಾತ್ರ. ಮರಿ ಅದೇ, ತಾಯ್ತಂದೆ ಅವೇ, ಕಲಿಸುವವರೂ ಅವರೇ. ನಡುವೆ ಕಳೆದದ್ದು ಕೆಲವು ವಾರ.

ಇಷ್ಟಾದರೂ ಕತೆ ಮುಗಿಯಲಿಲ್ಲ. ಎಳವೆಯಿಂದ ಮಡಿಲಲ್ಲೇ ಬೆಳೆದ, ಊರಿನವರೆಲ್ಲ ಎತ್ತಿ ಆಡಿಸಿದ ಮರಿಯೂ ಹಗ್ಗ ಬಿಗಿದರೆ ಹಿಂದಕ್ಕೆ ಜಗ್ಗುತ್ತದೆ. ಅದಕ್ಕೆ ಉತ್ತರ ಸ್ಕಾಟ್‌ಗಿಂತ ಬಹಳ ಮೊದಲೇ ರಷ್ಯಾದಲ್ಲಿ ಸಿಕ್ಕಿತ್ತು. ನಾಯಿ ತರಬೇತಿಯವರು ಅತ್ತ ತಿರುಗಿ ನೋಡಿರಲಿಲ್ಲ, ಅಷ್ಟೆ.

ಇವಾನ್ ಪಾವ್ಲೋವ್ ಹೆಸರು ಶಾಲೆ ಮಕ್ಕಳಿಗೂ ಗೊತ್ತು. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಜೊಲ್ಲು ಅಳೆಯಬೇಕಾದರೆ ನಾಯಿಯನ್ನು ಮರದ ಚೌಕಟ್ಟಿನಲ್ಲಿ ನಿಲ್ಲಿಸಿ ಮೈಗೆ, ಕಾಲಿಗೆ ಪಟ್ಟಿ ಹಾಕಬೇಕಿತ್ತು. ಬಹುತೇಕ ನಾಯಿಗಳು ಒಗ್ಗುತ್ತಿದ್ದವು. ಒಂದು ಮಾತ್ರ ಒಗ್ಗಲಿಲ್ಲ. ಮೊದಮೊದಲು ಸುಮ್ಮನಿದ್ದದ್ದು ದಿನ ಕಳೆದಂತೆ ಕೆರಳಿತು. ನೆಲ ಕೆರೆಯಿತು, ಚೌಕಟ್ಟು ಕಡಿಯಿತು, ಸುಮ್ಮಸುಮ್ಮನೆ ಜೊಲ್ಲು ಸುರಿಸಿತು. ಅಳತೆಯೆಲ್ಲ ಹಾಳು. ವಾರಗಟ್ಟಲೆ ಏನು ಮಾಡಿದರೂ ಕಾರಣ ಹೊಳೆಯಲಿಲ್ಲ. ನಾಯಿಗೆ ಯಾರೂ ಹೊಡೆದಿರಲಿಲ್ಲ, ಹೆದರಿಸಿರಲಿಲ್ಲ. ಕೊನೆಗೆ ಪಾವ್ಲೋವ್ ಮತ್ತು ಅವರ ಸಹಾಯಕ ಗುಬರ್‌ಗ್ರಿಟ್ಸ್ 1917ರ ಹೊತ್ತಿಗೆ ಸರಳವಾದೊಂದು ಮಾತು ಹೇಳಿದರು: ಕಟ್ಟನ್ನು ಬಿಡಿಸಿಕೊಳ್ಳುವುದೇ ಒಂದು ಹುಟ್ಟುಗುಣ. ಹಸಿವಿನಂತೆ ಅದೂ ಒಂದು. ‘ಸ್ವಾತಂತ್ರ್ಯದ ಪ್ರತಿವರ್ತನೆ’ ಎಂದು ಹೆಸರಿಟ್ಟರು. ರಷ್ಯಾದಲ್ಲಿ ಕ್ರಾಂತಿ ನಡೆದ ವರ್ಷ ಅದು ಎಂಬುದು ಕಾಕತಾಳೀಯ ಇರಬಹುದು.

ಹೆಸರಿಗಿಂತ ಮದ್ದು ಮುಖ್ಯ. ಬಡಿದು ಬಗ್ಗಿಸಲಿಲ್ಲ. ಆ ನಾಯಿಯ ಅಷ್ಟೂ ಊಟವನ್ನು ಚೌಕಟ್ಟಿನಲ್ಲೇ ಕೊಡತೊಡಗಿದರು. ಮೊದಲು ಅರೆಹೊಟ್ಟೆ ತಿಂದು ಸೊರಗಿತು. ಬರಬರುತ್ತ ಹೆಚ್ಚು ತಿಂದಿತು, ಒದ್ದಾಟ ಇಳಿಯಿತು, ಕೊನೆಗೆ ಸುಮ್ಮನೆ ನಿಂತಿತು. ಕಟ್ಟು ಅಂದರೆ ಅನ್ನ ಎಂಬುದು ಮನಸ್ಸಿಗೆ ನಾಟಿದ ಮೇಲೆ ಬಿಡಿಸಿಕೊಳ್ಳುವ ತವಕ ಅಡಗಿತು. ನಮ್ಮ ಮರಿಗೆ ಬೇಕಾದದ್ದೂ ಇದೇ: ಬೆಲ್ಟು ಮೊದಲು ಬೀದಿಯಲ್ಲಿ ಬೀಳಬಾರದು. ಮನೆಯೊಳಗೆ, ತಟ್ಟೆಯ ಮುಂದೆ ಬೀಳಬೇಕು.

ಮೂರನೆಯವರು ಗುಳಿಗೆಯವರು. 1930ರ ದಶಕದ ಮೊದಲ ವರ್ಷಗಳಲ್ಲಿ ಹಾರ್ವರ್ಡ್‌ನಲ್ಲಿ ಬಿ.ಎಫ್. ಸ್ಕಿನ್ನರ್ ಇಲಿಗಳಿಗೆ ಸನ್ನೆ ಒತ್ತಲು ಕಲಿಸುತ್ತಿದ್ದರು. ಒತ್ತಿದಾಗಲೆಲ್ಲ ಒಂದು ಗುಳಿಗೆ ತಿಂಡಿ. ಔಷಧಿ ಅಂಗಡಿಯವರು ಮಾತ್ರೆ ಮಾಡುವ ಯಂತ್ರದಲ್ಲಿ ಗುಳಿಗೆಗಳನ್ನು ಅವರೇ ಮಾಡಬೇಕಿತ್ತು. ಒಂದು ಶನಿವಾರ ಮಧ್ಯಾಹ್ನ ಡಬ್ಬಿ ನೋಡಿದರೆ ಸೋಮವಾರ ಬೆಳಗಿನವರೆಗಷ್ಟೇ ಸಾಕಾಗುವಷ್ಟಿದೆ. ಇಡೀ ಸಂಜೆ ಯಂತ್ರದ ಮುಂದೆ ಕೂರುವ ಮನಸ್ಸಿಲ್ಲ. ಪ್ರತಿ ಸಲ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರಾಗದೇ? ಕೊಟ್ಟು ನೋಡಿದರು. ಇಲಿ ಒತ್ತುವುದನ್ನು ಬಿಡಲಿಲ್ಲ. ಆಗೊಮ್ಮೆ ಈಗೊಮ್ಮೆ ಸಿಕ್ಕಿದ ಇಲಿ, ಪೂರ್ತಿ ನಿಲ್ಲಿಸಿದ ಮೇಲೂ ಎಷ್ಟೋ ಹೊತ್ತು ಒತ್ತುತ್ತಲೇ ಇತ್ತು. ಸೋಮಾರಿತನದಿಂದ ಸಿಕ್ಕ ಈ ಸಂಗತಿಯನ್ನು 1956ರ ಲೇಖನವೊಂದರಲ್ಲಿ ಅವರೇ ನಗುನಗುತ್ತ ಬರೆದುಕೊಂಡಿದ್ದಾರೆ.

ಹಗ್ಗ ಜಗ್ಗುವ ಮರಿಗೆ ಈ ಇಲಿಯ ಕತೆ ಹೇಳಿ ಮಾಡಿಸಿದಂತಿದೆ. ಐದು ದಿನ ಜಗ್ಗಿದಾಗ ನೀವು ನಿಲ್ಲುತ್ತೀರಿ. ಆರನೆಯ ದಿನ ಫೋನ್ ಬಂತು, ಮರಿ ಎಳೆದ ಕಡೆಗೆ ನಾಲ್ಕು ಹೆಜ್ಜೆ ಹೋದಿರಿ. ಬೇಲಿ ಬುಡದ ವಾಸನೆ ಅದಕ್ಕೆ ಸಿಕ್ಕಿತು, ಗುಳಿಗೆ ಬಿತ್ತು. ಮನೆಯಲ್ಲಿ ಅಪ್ಪ ನಿಲ್ಲುತ್ತಾರೆ, ಮಗ ಓಡುತ್ತಾನೆ, ಅಜ್ಜಿ “ಪಾಪ, ಹೋಗ್ಲಿ ಬಿಡು” ಅನ್ನುತ್ತಾರೆ. ದಿನಾ ಎಳೆಯಗೊಡುವ ಮನೆಯ ಮರಿಗಿಂತ ಒಮ್ಮೊಮ್ಮೆ ಎಳೆಯಗೊಡುವ ಮನೆಯ ಮರಿಗೆ ಆ ಚಟ ಬಿಡಿಸುವುದು ಕಷ್ಟ. 1951ರಲ್ಲಿ ಸ್ಕಿನ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಮನೆಮಂದಿಯೇ ನಾಯಿಗೆ ಕಲಿಸುವ ಬಗೆ ಬರೆದರು. ಒತ್ತಿದರೆ ಟಿಕ್ ಎನ್ನುವ ತಗಡಿನ ಆಟಿಕೆಯೊಂದು ಸಾಕು ಎಂದರು: ಸರಿ ಮಾಡಿದ ಕ್ಷಣಕ್ಕೆ ಟಿಕ್, ಹಿಂದೆಯೇ ತಿನಿಸು. ನಾಯಕನಹಟ್ಟಿಯಂಥ ಜಾತ್ರೆಗಳಲ್ಲಿ ಮಾರುತ್ತಿದ್ದ ತಗಡಿನ ಕಪ್ಪೆಯೂ ಆ ಜಾತಿಯದೇ.

ಇಷ್ಟೆಲ್ಲ ಗೊತ್ತಿದ್ದೂ ಲೋಕ ಬಹುಕಾಲ ಬೇರೆ ದಾರಿ ಹಿಡಿಯಿತು. ರುಡಾಲ್ಫ್ ಶೆಂಕೆಲ್ ಎಂಬವರು ಬಾಸೆಲ್ ಮೃಗಾಲಯದ ಬೋನಿನ ತೋಳಗಳನ್ನು ನೋಡಿ 1947ರಲ್ಲಿ ಬರೆದದ್ದರಿಂದ ‘ಗುಂಪಿಗೊಬ್ಬ ಯಜಮಾನ’ ಎಂಬ ಮಾತು ಹರಡಿತು. ನಾಯಿ ತೋಳದ ವಂಶ, ಆದ್ದರಿಂದ ಮುಂದೆ ಹೋಗಿ ಹಗ್ಗ ಎಳೆಯುವ ಮರಿ ನಿಮ್ಮ ಯಜಮಾನನಾಗಲು ನೋಡುತ್ತಿದೆ, ಬೆಲ್ಟು ಜಗ್ಗಿ ಜಾಗ ತೋರಿಸಿ ಎಂದು ನಾಯಿ ತರಬೇತಿಯವರು ಹೇಳಿದರು. ಆದರೆ ಶೆಂಕೆಲ್ ಕಂಡದ್ದು ಬೋನಿನಲ್ಲಿ ಕೂಡಿಹಾಕಿದ ಅಪರಿಚಿತ ತೋಳಗಳ ಕಚ್ಚಾಟ. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು ಎಂದು ಡೇವಿಡ್ ಮೀಚ್ 1999ರಲ್ಲಿ ತೋರಿಸಿದರು. 1970ರ ತಮ್ಮದೇ ಪುಸ್ತಕ ಆ ಯಜಮಾನನ ಮಾತನ್ನು ಹಬ್ಬಿಸಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಪೋರ್ಚುಗಲ್‌ನ ಪೋರ್ಟೊದಲ್ಲಿ ಸಂಶೋಧಕರು 92 ನಾಯಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ್ದೂ ಇದೇ ಕಡೆಗಿದೆ: ಜಗ್ಗಿ, ಗದರಿ ಕಲಿಸುವ ಶಾಲೆಗಳ ನಾಯಿಗಳಲ್ಲಿ ತರಬೇತಿಯ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಹೆಚ್ಚು ಏರಿತ್ತು. ಅಂದಹಾಗೆ ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳಲ್ಲಿ ಪ್ರಾಣಿಗಳ ಮೇಲೆ ದಯೆ ಇರಲಿ ಎಂಬ ಆಜ್ಞೆಯಿದೆ. ಬಂಡೆ ಓದಿ ನಾಯಿ ಪಳಗಿಸಿದವರು ಯಾರೂ ಇಲ್ಲ ಅನ್ನಿ.

ಈಗ ರಾಂಪುರದ ರಸ್ತೆಗೆ ಬರೋಣ. ಮರಿ ಕೂತಿತು. ಎಳೆಯಬೇಡಿ, ಎಳೆದಷ್ಟೂ ಅದರ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಬೀಳದಂತೆ ದೇಹ ಮಾಡಿಕೊಳ್ಳುವ ಏರ್ಪಾಡು ಅದು. ಹಗ್ಗ ನೆಲಕ್ಕೆ ಜೋತು ಬೀಳುವಷ್ಟು ಸಡಿಲ ಬಿಡಿ. ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು ಬೇಯಿಸಿದ ಮೊಟ್ಟೆಯ ಚೂರನ್ನು ಅಂಗೈಯಲ್ಲಿಡಿ. ಎದ್ದು ಬಂದರೆ ಚೂರು ಅದಕ್ಕೆ, ಹಗ್ಗ ಸಡಿಲವಿರುವಷ್ಟು ಹೊತ್ತು ನಡಿಗೆ. ಮುಂದಕ್ಕೆ ಜಗ್ಗಿದರೆ ಮರದಂತೆ ನಿಲ್ಲುವುದು, ಸಡಿಲಿದ ಕ್ಷಣ ಹೆಜ್ಜೆ. ಮನೆಯವರೆಲ್ಲ ಹೀಗೆಯೇ, ಅಜ್ಜಿಯೂ ಸೇರಿ. ಹಗ್ಗ ಕಚ್ಚಿದರೆ ಕಿತ್ತಾಡಬೇಡಿ, ಕಿತ್ತಾಟವೇ ಅದಕ್ಕೆ ಆಟ. ನಾಲ್ಕು ತಿಂಗಳಿಂದಾಚೆ 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಹುಟ್ಟುವ ಕಾಲ, ವಸಡು ನವೆಯುತ್ತಿರುತ್ತದೆ. ಜಗಿಯಲು ಬೇರೆ ಹಗ್ಗದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಂಜೆ ದಣಿದ ಮರಿ ಹೆಚ್ಚು ಕಚ್ಚುತ್ತದೆ, ಆಗ ಅದಕ್ಕೆ ಬೇಕಾದದ್ದು ವಾಕಿಂಗ್ ಅಲ್ಲ, ನಿದ್ದೆ. ಬೇಸಿಗೆಯಲ್ಲಿ ಅದು ಕೂರುವುದಕ್ಕೆ ಕಾರಣ ಟಾರೂ ಇರಬಹುದು. ನಿಮ್ಮ ಅಂಗೈ ಹಿಂಬದಿಯನ್ನು ರಸ್ತೆಗಿಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಭಾರದ ಚೈನು ಬಿಟ್ಟು ಹಗುರವಾದ ನೂಲಿನ ಹಗ್ಗ, ಕೊರಳಿನ ಬದಲು ಎದೆಗೆ ಬರುವ ಪಟ್ಟಿ ಒಳ್ಳೆಯದು.

ರೊಪ್ಪದ ನಾಯಿಗೆ ಈ ಯಾವ ಪಾಡೂ ಇಲ್ಲದ್ದಕ್ಕೆ ಕಾರಣವೂ ಗೊತ್ತಾಗಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಹ್ಯಾಂಪ್‌ಶೈರ್ ಕಾಲೇಜಿನ ರೇಮಂಡ್ ಮತ್ತು ಲೋರ್ನಾ ಕಾಪಿಂಜರ್ ದಂಪತಿ ಕುರಿ ಕಾಯುವ ನಾಯಿಗಳ ಮೇಲೆ ಕೆಲಸ ಮಾಡಿದರು. ಹದಿನಾರು ವಾರದೊಳಗೆ ಕುರಿಗಳ ನಡುವೆ ಬೆಳೆದ ಮರಿ ಕುರಿಯನ್ನೇ ತನ್ನವರೆಂದುಕೊಳ್ಳುತ್ತದೆ, ಅದಕ್ಕೆ ಹಗ್ಗ ಬೇಡ ಎಂದು ಕಂಡರು. ನಮ್ಮ ಕುರಿಗಾಹಿಗಳು ಮಾಡುತ್ತ ಬಂದದ್ದೂ ಅದೇ. ರೊಪ್ಪದ ಮರಿಗೆ ಆ ವಾರಗಳಲ್ಲಿ ಕುರಿ ಸಿಕ್ಕಿತು. ಡಬ್ಬಿಯಲ್ಲಿ ಬಂದ ಮರಿಗೆ ಬಸ್ಸು, ಟ್ರ್ಯಾಕ್ಟರು, ಮೈಕು, ಮಕ್ಕಳು, ಮೇಕೆ ಸಿಗಬೇಕು.

ಆದ್ದರಿಂದ ಮರಿ ತರುವವರಲ್ಲಿ ಒಂದು ಕೇಳಿಕೆ. 2017ರ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ನೀವೂ ಕೊಳ್ಳಬೇಡಿ. ತಂದ ಮೇಲೆ ಮೊದಲು ಪಶು ಆಸ್ಪತ್ರೆಗೆ ಹೋಗಿ ಪಾರ್ವೊ ಮುಂತಾದ ರೋಗಗಳ ಮೊದಲ ಇಂಜೆಕ್ಷನ್ ಹಾಕಿಸಿ. ಮೂರು ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರು ವಾರದವರೆಗೆ ಅದು ಮುಂದುವರಿಯಬೇಕು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಎಲ್ಲ ಮುಗಿಯಲೆಂದು ಮನೆಯೊಳಗೆ ಕೂಡಿಹಾಕಬೇಡಿ, ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಮೊದಲ ಇಂಜೆಕ್ಷನ್ ಆಗಿ ವಾರ ಕಳೆದ ಮೇಲೆ ಬೀದಿ ನಾಯಿಗಳಿಗೆ ಸಿಗದಂತೆ ಹೆಗಲ ಮೇಲೆ ಹೊತ್ತು ಬಸ್ ನಿಲ್ದಾಣಕ್ಕೆ ಹೋಗಿ, ಒಂದು ಟೀ ಕುಡಿಯುವಷ್ಟು ಹೊತ್ತು ನಿಂತು ಬನ್ನಿ. ಚೈನಿನ ದುಡ್ಡಿಗೆ ಮೊಟ್ಟೆ ಕೊಳ್ಳಿ.